ಪಡುವಣ ಗೋಡೆ

೧೧ ಫೆಬ್ರವರಿ ೨೦೦೫, ಶುಕ್ರವಾರ
ಚಾಮರಾಜನಗರ

ಲಾಡ್ಜಿನ ಏಳನೇ ನಂಬರಿನ ಕೋಣೆ. ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಕಿಟಕಿಯ ಕೆಳಗೇ ಬಸ್ ನಿಲ್ದಾಣ. ಬೆಳಗಿನ ಐದೂವರೆಗೇ ಕಂಡಕ್ಟರುಗಳು ‘ಗುಂಡ್ಲುಪೇಟೆ, ಗುಂಡ್ಲುಪೇಟೆ’ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಆದರೆ ನಾಲ್ಕು ವರ್ಷ ಧಾರವಾಡದ ಮನೆಯಲ್ಲಿ ಕುಳಿತು ಹೆಂಡತಿಯ ಬ್ಯಾಂಕ್ ಸಂಬಳದಲ್ಲಿ ಉಂಡವನು ಇದನ್ನೆಲ್ಲ ದೂರಬಾರದು. ನಾನು ಕೆಲಸಕ್ಕಿದ್ದ ಚಿನ್ನದ ಗಣಿ ಮುಚ್ಚಿದಾಗ ನನಗೆ ನಲವತ್ತೇಳು, ಈಗ ಐವತ್ತೊಂದು. ಈ ವಯಸ್ಸಿನ ಭೂವಿಜ್ಞಾನಿಯನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಈ ಕಲ್ಲು ಕಂಪನಿಯವರು ಕರೆದಿದ್ದಾರೆ.

ಹರದನಹಳ್ಳಿಯಿಂದಾಚೆ ಕಾಗೆಗುಡ್ಡ ಅಂತ ಒಂದು ಬೋಳುಗುಡ್ಡ. ಅಲ್ಲಿ ಕರಿಕಲ್ಲಿನ ಗಣಿ ತೆರೆಯಬಹುದೇ ಎಂದು ನೋಡಿ ಹೇಳಬೇಕು. ಕಲ್ಲು ಎಷ್ಟು ಅಗಲ, ಎಷ್ಟು ಆಳ, ಬಿರುಕುಗಳು ಯಾವ ಕಡೆಗೆ ವಾಲಿವೆ, ಅಗೆದರೆ ಗೋಡೆ ನಿಲ್ಲುತ್ತದೆಯೇ, ಇಷ್ಟು. ವರದಿ ಒಪ್ಪಿಗೆಯಾದರೆ ಕಂಪನಿಯ ಇನ್ನೂ ಮೂರು ಜಾಗಗಳು ನನಗೇ ಎಂದು ಮ್ಯಾನೇಜರ್ ಸುಧಾಕರ್ ಹೇಳಿದ. ಇದೇ ಊರಿನ ಹುಡುಗ, ಮೂವತ್ತೈದು ದಾಟಿಲ್ಲ, ಮಾತಿಗೊಮ್ಮೆ ‘ಫೀಸಿಬಲ್ ಅಲ್ವಾ ಸರ್’ ಅನ್ನುತ್ತಾನೆ. ನೋಡದೆ ಹೇಳುವುದಿಲ್ಲಪ್ಪಾ ಎಂದೆ. ಮುಖ ಸಣ್ಣ ಮಾಡಿಕೊಂಡ.

ಹೊಸ ನೋಟುಬುಕ್ಕಿಗೆ ನನ್ನ ಹಳೆಯ ಪದ್ಧತಿಯಂತೆ ಮೂರು ಅಂಕಣ ಹಾಕಿದೆ: ನೋಡಿದ್ದು, ಕೇಳಿದ್ದು, ಊಹಿಸಿದ್ದು. ಇಪ್ಪತ್ತೈದು ವರ್ಷದ ಕೆಲಸದಲ್ಲಿ ಒಂದರದು ಇನ್ನೊಂದರೊಳಗೆ ಹೋಗಿಲ್ಲ. ನನ್ನ ಹತ್ತಿರ ಇರುವ ಆಸ್ತಿ ಅಂದರೆ ಅದೊಂದೇ.

೧೪ ಫೆಬ್ರವರಿ, ಸೋಮವಾರ

ಗುಡ್ಡ ನೋಡಿದೆ. ನಸುಗೆಂಪು ಬಂಡೆಯ ನಡುವೆ ಕರಿಕಲ್ಲಿನ ಪಟ್ಟಿ, ಉತ್ತರ-ದಕ್ಷಿಣಕ್ಕೆ, ಸುಮಾರು ಅರವತ್ತು ಅಡಿ ಅಗಲ. ಮೇಲ್ಮೈ ನೋಡಿದರೆ ಕಲ್ಲು ಚೊಕ್ಕವಾಗಿದೆ. ಆದರೆ ಮೇಲ್ಮೈ ಯಾವಾಗಲೂ ಚೊಕ್ಕವಾಗಿಯೇ ಇರುತ್ತದೆ. ಪಟ್ಟಿಯ ಪಡುವಣ ಅಂಚಿನಲ್ಲಿ ಹದಿನೈದು ಅಡಿಯ ಪರೀಕ್ಷೆ ಗುಂಡಿ ತೋಡಿಸಲು ಹೇಳಿದೆ.

ಕಲ್ಲು ಕೆಲಸದವರ ಮೇಸ್ತ್ರಿ ಪುಟ್ಟಮಾದು, ಊರು ಹಂಗಳ. ಐವತ್ತೈದರ ಮೇಲಿನ ಒಣಕಲು ಆಸಾಮಿ, ಎಡಗಿವಿಯ ಹಿಂದೆ ಬೀಡಿ. ಜೊತೆಗೆ ಅವನ ತಮ್ಮ ಚಿಕ್ಕಮಾದು. ಅವನು ಏನು ಕೇಳಿದರೂ ಮೊದಲು ಅಣ್ಣನ ಮುಖ ನೋಡುತ್ತಾನೆ. ಪುಟ್ಟಮಾದುವಿನ ಹೆಂಡತಿ ಚಿಕ್ಕನಿಂಗಮ್ಮ ಗುಡ್ಡದ ಬುಡದ ತಗಡಿನ ಶೆಡ್ಡಿನಲ್ಲಿ ಎಲ್ಲರಿಗೂ ಅಡುಗೆ ಮಾಡುತ್ತಾಳೆ. ರೊಟ್ಟಿ ಸಿಗುವುದಿಲ್ಲವೇ ಎಂದು ಕೇಳಿ ನಗೆಪಾಟಲಾದೆ. ಮುದ್ದೆ ನುಂಗುವುದು ಹೇಗೆಂದು ಅವಳೇ ತೋರಿಸಿಕೊಟ್ಟಳು.

ಮಧ್ಯಾಹ್ನ ಬಂಡೆಯ ಮೇಲೆ ಕೂರಲು ಹೋದಾಗ ಪುಟ್ಟಮಾದು, ‘ಅಲ್ ಆವದೆ ಸಾ’ ಎಂದ. ಏನು ಆವದೆ, ಯಾವುದು ಆವದೆ ಎಂದು ನಾನು ಯೋಚಿಸುತ್ತ ಕೂತೇಬಿಟ್ಟೆ. ಮೊಣಕೈಯಷ್ಟು ದೂರದಲ್ಲಿ ಹಾವು. ಈ ಸೀಮೆಯವರು ಹಕಾರವನ್ನು ನುಂಗಿ ನೀರು ಕುಡಿದಿದ್ದಾರೆ. ಹತ್ತು ಹೋಗಿ ಅತ್ತು, ಹೊಲ ಹೋಗಿ ಒಲ. ಇನ್ನು ಮೇಲೆ ಯಾರು ಏನಂದರೂ ಮುಂದೆ ಒಂದು ಹಕಾರ ಸೇರಿಸಿಕೊಂಡೇ ಕೇಳಬೇಕು ಎಂದು ತೀರ್ಮಾನಿಸಿದೆ. ಎಲ್ಲರೂ ನಕ್ಕರು. ನಾಲ್ಕು ವರ್ಷದ ಮೇಲೆ ನಾನೂ ಹೊಟ್ಟೆ ತುಂಬ ನಕ್ಕೆ.

೧೯ ಫೆಬ್ರವರಿ, ಶನಿವಾರ

ಪುಟ್ಟಮಾದು ಕಲ್ಲು ನೋಡುವ ಕ್ರಮ ನನಗೆ ಹಿಡಿಸಿದೆ. ಸುತ್ತಿಗೆಯಿಂದ ಒಂದೇ ಪೆಟ್ಟು, ತಕ್ಷಣ ಕಿವಿಯನ್ನು ಬಂಡೆಗೆ ಒತ್ತಿ ಕಣ್ಣು ಮುಚ್ಚುತ್ತಾನೆ. ಗಟ್ಟಿ ಕಲ್ಲಾದರೆ ಟಣ್ ಅನ್ನುತ್ತದಂತೆ, ಒಳಗೆ ಟೊಳ್ಳಿದ್ದರೆ ಬದ್ ಅನ್ನುತ್ತದಂತೆ. ನನಗೆ ಎರಡೂ ಒಂದೇ ಥರ ಕೇಳಿಸಿತು.

‘ನಮ್ಮಪ್ಪ ಮೂರ್ ವರ್ಸ ಬರೇ ಕಿವಿ ಮಡುಗುಸ್ದ ಸಾ, ಸುತ್ತಿಗೆ ಮುಟ್ಟಕ್ಕೆ ಬುಡ್ನಿಲ್ಲ.’

ತಮ್ಮನಿಗೂ ಕಲಿಸಿದೆಯಾ ಎಂದೆ. ‘ಕಲ್ಸಿವ್ನಿ. ಅವ್ನ್ ಕಿವಿ ಸರಿಯಾಗೇ ಅದೆ, ಧೈರ್ಯ ಇಲ್ಲ ಅಷ್ಟೆಯ.’ ಚಿಕ್ಕಮಾದು ತಲೆ ತಗ್ಗಿಸಿ ನಕ್ಕ.

ಅವನು ತಟ್ಟಿ ಟೊಳ್ಳು ಎಂದ ನಾಲ್ಕು ಜಾಗಗಳಲ್ಲಿ ಕೊರೆಸಿ ನೋಡಿದೆ. ನಾಲ್ಕೂ ನಿಜ. ಆದರೂ ಅವನು ಹೇಳಿದ್ದನ್ನು ‘ಕೇಳಿದ್ದು’ ಅಂಕಣದಲ್ಲೇ ಬರೆದಿದ್ದೇನೆ. ಕೊರೆದ ಮೇಲೆ ಮಾತ್ರ ‘ನೋಡಿದ್ದು’.

೨೫ ಫೆಬ್ರವರಿ, ಶುಕ್ರವಾರ

ಗುಂಡಿ ಹದಿನಾಲ್ಕು ಅಡಿಯಾಯಿತು. ಸುಧಾಕರ್ ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. ಮಾರ್ಚ್ ಮುಗಿಯುವುದರೊಳಗೆ ವರದಿ ಬೇಕಂತೆ. ಇವನಿಗೆ ಹುರಿಗಡಲೆ ತಿಂದಷ್ಟು ಸಲೀಸು ಅದು.

ಬಿಸಿಲು ವಿಪರೀತ. ಊಟದ ಹೊತ್ತಿಗೆ ಪುಟ್ಟಮಾದು ಒಬ್ಬನೇ ಗುಂಡಿಯಲ್ಲಿದ್ದ. ಚಿಕ್ಕಮಾದು ನೀರಿಗೆ ಹೋಗಿದ್ದ, ಉಳಿದವರು ಶೆಡ್ಡಿನಲ್ಲಿದ್ದರು. ನನ್ನ ಮೊಣಕಾಲು ಹಿಡಿದಿತ್ತು, ಏಣಿ ಇಳಿಯಲು ಬೇಜಾರಾಯಿತು. ಮೇಲೆಯೇ ನಿಂತು ಒಂದೊಂದು ಗೋಡೆಯ ಹೆಸರು ಹೇಳಿ, ಹೊಡೆದು ನೋಡಿದೆಯಾ ಎಂದು ಕೇಳಿದೆ. ಮೂಡಣ ಗೋಡೆಗೆ ‘ಒಡ್ದೆ ಸಾ, ಟಣ್ ಅಂತದೆ’ ಎಂದ. ತೆಂಕಣಕ್ಕೂ ‘ಒಡ್ದೆ ಸಾ’, ಬಡಗಣಕ್ಕೂ ‘ಒಡ್ದೆ ಸಾ’. ಪಡುವಣ ಗೋಡೆ ಎಂದಾಗ ‘ಒಡ್ದದೆ ಸಾ’ ಎಂದ. ಅಲ್ಲಿಗೆ ನಾಲ್ಕೂ ಹೊಡೆದಾಯಿತು. ನಾಲ್ಕಕ್ಕೂ ‘ನೋಡಿದ್ದು’ ಅಂಕಣದಲ್ಲಿ ಸರಿ ಗುರುತು ಹಾಕಿಕೊಂಡೆ. ಸಂಜೆ ಹೇಗೂ ಇಳಿದು ನೋಡುವವನಿದ್ದೆ, ಇಳಿಯಲಾಗಲಿಲ್ಲ.

ನಾಳೆ ಬೆಳಗ್ಗೆ ಪಡುವಣ ಗೋಡೆಯ ಬುಡದಿಂದಲೇ ಮಾದರಿ ಕಲ್ಲು ತೆಗೆಯಲು ಹೇಳಿದ್ದೇನೆ. ಅದಕ್ಕೆ ಪುಟ್ಟಮಾದು ಒಂದು ಗಳಿಗೆ ಕತ್ತೆತ್ತಿ ನನ್ನನ್ನೇ ನೋಡಿದ.

‘ಆ ಬುಡುದಿಂದ್ಲೇನಾ ಸಾ?’

‘ಹೌದಪ್ಪಾ, ಅಲ್ಲಿಂದಲೇ.’

‘ಆಯ್ತು ಬುಡಿ. ನಿಮ್ಗೆ ಗೊತ್ತಿರ್ತದಲ್ಲ.’

ಮಾತಿನಲ್ಲಿ ಏನೋ ಕೊಂಕಿತ್ತು ಅನ್ನಿಸಿತು. ಬಿಸಿಲಿಗೆ ಎಲ್ಲರಿಗೂ ತಲೆ ಕಾದಿದೆ.

೨೬ ಫೆಬ್ರವರಿ, ಶನಿವಾರ

ಪುಟ್ಟಮಾದು ಸತ್ತ.

ಒಂಬತ್ತೂ ಕಾಲಿಗೆ. ಪಡುವಣ ಗೋಡೆ ಪೂರ್ತಿ ಒಂದು ಹಲಗೆಯ ಹಾಗೆ ಕಳಚಿಕೊಂಡು ಬಿತ್ತು. ಸದ್ದು ಕೂಡ ದೊಡ್ಡದಾಗಲಿಲ್ಲ. ಚಿಕ್ಕಮಾದು ಬರಿಗೈಯಲ್ಲಿ ಕಲ್ಲು ಎತ್ತಲು ಹೋಗಿ ಎರಡು ಉಗುರು ಕಿತ್ತುಕೊಂಡ. ಚಿಕ್ಕನಿಂಗಮ್ಮ ಕೈಗೆ ಮೆತ್ತಿದ ಹಿಟ್ಟಿನೊಂದಿಗೇ ಓಡಿ ಬಂದಳು.

ಇನ್ನು ಬರೆಯಲಾರೆ.

೨೭ ಫೆಬ್ರವರಿ, ಭಾನುವಾರ
ಹಂಗಳ

ಊರಿಂದಾಚೆ ಅವರ ಹೊಲದ ಮೂಲೆಯಲ್ಲಿ ಹೂಳಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಹಾಕುವಾಗಲೂ ಗೋಡೆ ಹೇಗೆ ಬಿತ್ತು ಎಂದೇ ಲೆಕ್ಕ ಹಾಕುತ್ತಿದ್ದೆ. ಗೋಡೆಗೆ ಸಮಾನಾಂತರವಾಗಿ ಎರಡಡಿ ಹಿಂದೆ ಒಂದು ಬಿರುಕು ಇದ್ದಿರಲೇಬೇಕು, ಅದು ಗುಂಡಿಯ ಕಡೆಗೆ ವಾಲಿರಲೇಬೇಕು. ಅಂಥದ್ದನ್ನು ತಟ್ಟಿದರೆ ಪುಟ್ಟಮಾದುವಿಗೆ ಗೊತ್ತಾಗದೇ ಇರುತ್ತದೆಯೇ? ಆ ಕಿವಿಗೆ? ಎಲ್ಲರೂ ಇದನ್ನೇ ಕೇಳಿಕೊಳ್ಳುತ್ತಿದ್ದಾರೆ. ನನಗೂ ಅರ್ಥವಾಗುತ್ತಿಲ್ಲ.

೨೮ ಫೆಬ್ರವರಿ, ಸೋಮವಾರ
ಚಾಮರಾಜನಗರ

ಬೆಳಗ್ಗೆ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಸಪ್ಲೈಯರ್ ಕಾಫಿ ಇಟ್ಟು ಎರಡು ಹೆಜ್ಜೆ ಹೋದವನು ತಿರುಗಿ ಬಂದ.

‘ಅದ್ ಬುಡಿ ಸಾ, ಲೋಟ ಒಡ್ದದೆ. ಬ್ಯಾರೆ ತತ್ತೀನಿ.’

ಗಾಜಿನ ಲೋಟದ ಬಾಯಿಂದ ಬುಡದ ತನಕ ಒಂದು ಗೆರೆ.

ಒಡ್ದದೆ. ಒಡೆದಿದೆ.

ಅವನು ಮೂರು ಸಲ ಒಡ್ದೆ ಎಂದ. ಹೊಡೆದೆ. ನಾಲ್ಕನೆಯ ಸಲ ಒಡ್ದದೆ ಎಂದ. ಒಡೆದಿದೆ. ಗೋಡೆ ಒಡೆದಿದೆ ಸಾರ್ ಎಂದು ಹದಿನಾಲ್ಕು ಅಡಿ ಕೆಳಗಿನಿಂದ ಸ್ಪಷ್ಟವಾಗಿ ಕೂಗಿ ಹೇಳಿದ. ನಾನು ಅದಕ್ಕೊಂದು ಹಕಾರ ಅಂಟಿಸಿ, ಸರಿ ಗುರುತು ಹಾಕಿ, ಒಡೆದ ಗೋಡೆಯ ಬುಡಕ್ಕೇ ಹೋಗಿ ಕೂರು ಎಂದೆ. ಅವನು ಮತ್ತೊಮ್ಮೆ ಕೇಳಿದ. ನಾನು ಹೌದಪ್ಪಾ ಎಂದೆ. ಒಡೆದಿದೆ ಅಂತ ಗೊತ್ತಿದ್ದೂ ಸಾಹೇಬರು ಹೇಳುತ್ತಿದ್ದಾರೆ ಅಂದರೆ ಏನೋ ಲೆಕ್ಕ ಇರಬೇಕು ಎಂದು ನಂಬಿ ಆ ಮನುಷ್ಯ ಬೆಳಗ್ಗೆ ಎದ್ದು ಇಳಿದ.

ನಾನು ಕೊಂದೆ ಅವನನ್ನು. ಇಲ್ಲಿ ಬರೆದಿಡುತ್ತೇನೆ, ಮುಂದೆ ನಾನೇ ಬೇರೆ ಮಾತಾಡಬಾರದು ಅಂತ. ಅವನ ಕಿವಿ ತಪ್ಪಲಿಲ್ಲ. ನನ್ನ ಕಿವಿ ತಪ್ಪಿತು. ಅದಕ್ಕಿಂತ ಮೊದಲು ಏಣಿ ಇಳಿಯದೆ, ಕೇಳಿದ್ದನ್ನು ನೋಡಿದ್ದು ಎಂದು ಬರೆದ ನನ್ನ ಕೈ ತಪ್ಪಿತು. ಇದನ್ನು ಮೊದಲು ಚಿಕ್ಕನಿಂಗಮ್ಮನಿಗೆ ಹೇಳಬೇಕು, ಆಮೇಲೆ ಪೊಲೀಸರಿಗೆ. ಬುಧವಾರ ಸಮಾಧಿಗೆ ಹಾಲುತುಪ್ಪ ಬಿಡುತ್ತಾರೆ. ಅಲ್ಲಿಗೆ ಹೋಗಿ ಎಲ್ಲರೆದುರಿಗೇ ಹೇಳುತ್ತೇನೆ.

೧ ಮಾರ್ಚ್, ಮಂಗಳವಾರ

ಸುಧಾಕರನಿಗೆ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಬಾಗಿಲು ಮುಚ್ಚಿ, ನನಗೆ ನೀರು ಕೊಟ್ಟು, ಪಕ್ಕದಲ್ಲಿ ಕುಳಿತ.

‘ಸರ್, ನಾನೂ ಇದೇ ಊರೋನು. ನಮ್ಮ ಜನ ಹೊಡೆದಿದೆ ಅನ್ನೋದನ್ನೂ ಒಡ್ದದೆ ಅಂತಾರೆ, ಒಡೆದಿದೆ ಅನ್ನೋದನ್ನೂ ಒಡ್ದದೆ ಅಂತಾರೆ. ನನಗೇ ಎಷ್ಟೋ ಸಲ ಗೊತ್ತಾಗಲ್ಲ. ನಿಮಗೆ ಹೇಗೆ ಗೊತ್ತಾಗುತ್ತೆ?’

ಮೂರು ಸಲ ಒಡ್ದೆ, ನಾಲ್ಕನೆಯದು ಒಡ್ದದೆ, ಎಂದೆ.

‘ಅವನು ಮೇಲೆ ಬಂದು ಹೇಳಬಹುದಿತ್ತಲ್ವಾ ಸರ್? ಮೂವತ್ತೈದು ವರ್ಷ ಕಲ್ಲು ಒಡೆದಿರೋ ಮೇಸ್ತ್ರಿ, ಒಡೆದಿರೋ ಗೋಡೆ ಕೆಳಗೆ ತಾನಾಗೇ ಹೋಗಿ ಕೂತ್ಕೋತಾನಾ?’

ನಾನು ಹೇಳಿದ್ದಕ್ಕೆ ಕೂತ ಎಂದೆ. ಸುಧಾಕರ್ ನನ್ನ ಭುಜ ಮುಟ್ಟಿ, ನೀವು ಮೂರು ದಿನದಿಂದ ನಿದ್ದೆ ಮಾಡಿಲ್ಲ, ಈಗ ಏನೂ ತೀರ್ಮಾನ ಮಾಡಬೇಡಿ ಎಂದ. ಮನೆಯಿಂದ ತಂದಿದ್ದ ಇಡ್ಲಿ ಡಬ್ಬಿ ನನಗೇ ಬಿಟ್ಟುಹೋದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

೨ ಮಾರ್ಚ್, ಬುಧವಾರ

ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಹಂಗಳಕ್ಕೆ ಇನ್ನೊಂದು. ಗೋಪಾಲಸ್ವಾಮಿ ಬೆಟ್ಟ ಅರ್ಧ ಮೋಡದಲ್ಲಿ ಮುಚ್ಚಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ‘ಅಮ್ಮ, ನಿಮ್ಮ ಯಜಮಾನರು ಸರಿಯಾಗೇ ಹೇಳಿದ್ದರು.’ ಇಷ್ಟೇ. ಆರು ಮಾತು ಕೂಡ ಇಲ್ಲ.

ಸಮಾಧಿಗೆ ಹಾಲು ಬಿಡಲು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಬೇವಿನ ಮರದಡಿಯಲ್ಲಿ ಗಂಡಸರು ಕುಳಿತಿದ್ದರು. ಪುಟ್ಟಮಾದುವಿನ ಓರಗೆಯ ಕಲ್ಲು ಕೆಲಸದವನು ದೊಡ್ಡಬೀರಯ್ಯ, ‘ಅವ್ನ್ ಕಿವಿ ಓಗಿತ್ತು ಕಣ್ಲಾ. ವಯಸ್ಸಾದ್ಮ್ಯಾಕೆ ಎಲ್ರುದ್ದೂ ಓಯ್ತದೆ. ಒಪ್ಕೊಂಡು ಸುತ್ತಿಗೆ ಕೆಳಿಕ್ ಮಡುಗ್ಬೇಕಾಗಿತ್ತು’ ಎಂದ. ಚಿಕ್ಕಮಾದು, ಕೈಗೆ ಬಟ್ಟೆ ಸುತ್ತಿಕೊಂಡಿದ್ದ, ಎದ್ದು ನಿಂತ. ‘ನಮ್ಮಣ್ಣಂಗೆ ಕಲ್ಲು ಸುಳ್ ಏಳಿದ್ದೇ ಇಲ್ಲ’ ಎಂದು ಹೇಳಿ ಹೊಲದ ಕಡೆ ಹೋದ.

ಚಿಕ್ಕನಿಂಗಮ್ಮ ನನ್ನ ಹತ್ತಿರ ಬಂದಳು. ‘ಸಾ, ಇವ್ರು ಆ ಗೋಡೆ ತಟ್ಟಿ ನೋಡಿದ್ರಾ?’

‘ತಟ್ಟಿದರಮ್ಮ.’

‘ತಟ್ಬುಟ್ಟು ಏನಂದ್ರು?’

ಬಾಯಿ ತೆರೆದೆ. ಮರದಡಿಯ ಮಾತು ನಿಂತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಲ್ಲು ಒಡೆಯುವ ಮೂವತ್ತು ಗಂಡಸರು. ಆಮೇಲೆ ಮಾತಾಡೋಣಮ್ಮ ಎಂದೆ. ನನ್ನ ಸರದಿ ಬಂದಾಗ ನಾನೂ ಹಾಲು ಬಿಟ್ಟೆ, ಅರ್ಧ ನನ್ನ ಕಾಲಿನ ಮೇಲೇ ಬಿತ್ತು.

ಹೇಡಿ. ನಾಳೆ ಹೇಳುತ್ತೇನೆ.

೫ ಮಾರ್ಚ್, ಶನಿವಾರ

ಹೇಳಲಿಲ್ಲ.

೯ ಮಾರ್ಚ್, ಬುಧವಾರ

ಠಾಣೆಯಲ್ಲಿ ಹೇಳಿಕೆ. ಅಧಿಕಾರಿ ಸೌಮ್ಯ ಮನುಷ್ಯ, ಕುರ್ಚಿ ಹಾಕಿಸಿ ಕೂರಿಸಿದರು. ಮೇಸ್ತ್ರಿ ಗೋಡೆ ಪರೀಕ್ಷೆ ಮಾಡಿದ್ದನೇ? ಮಾಡಿದ್ದ. ಬಿರುಕಿದೆ ಎಂದು ನಿಮಗೆ ಹೇಳಿದನೇ? ನನಗೆ ಹಾಗೆ ಕೇಳಿಸಲಿಲ್ಲ, ಎಂದೆ. ಇದು ಸುಳ್ಳಲ್ಲ. ಆ ಹೊತ್ತಿನಲ್ಲಿ ನನಗೆ ಹಾಗೆ ಕೇಳಿಸಲಿಲ್ಲ. ಅವರು ‘ಹೇಳಲಿಲ್ಲ’ ಎಂದು ಬರೆದುಕೊಂಡರು. ತಿದ್ದಿಸಬೇಕೆಂದು ಕೈ ಎತ್ತಿದೆ. ಅದೇ ಕೈಗೆ ಪೆನ್ನು ಕೊಟ್ಟರು. ಸಹಿ ಹಾಕಿದೆ. ನನ್ನ ನೋಟುಬುಕ್ಕನ್ನೂ ಇಟ್ಟುಕೊಂಡರು.

ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ. ಚರಂಡಿಯ ಪಕ್ಕ ಕೂತು ಅಷ್ಟನ್ನೂ ಕಕ್ಕಿದೆ. ಯಾವನೋ ಆಟೋದವನು ಬೆನ್ನು ನೀವಿದ. ನಾನು ಯಾರು ಅಂತ ಗೊತ್ತಿದ್ದರೆ ಮುಟ್ಟುತ್ತಿರಲಿಲ್ಲ.

೧೨ ಮಾರ್ಚ್, ಶನಿವಾರ

ಇಡೀ ದಿನ ಹಾಸಿಗೆಯಲ್ಲೇ ಇದ್ದೆ. ಊಟ ಬೇಡವಾಯಿತು, ಸ್ನಾನ ಬೇಡವಾಯಿತು. ಧಾರವಾಡಕ್ಕೆ ಫೋನ್ ಮಾಡಿ, ಹೆಂಡತಿ ಹಲೋ ಹಲೋ ಅನ್ನುವುದನ್ನು ಕೇಳಿ, ಏನೂ ಹೇಳದೆ ಇಟ್ಟೆ. ಬದುಕಿರುವುದಕ್ಕೆ ನಾಚಿಕೆಯಾಗುತ್ತದೆ.

೧೭ ಮಾರ್ಚ್, ಗುರುವಾರ

ಸುಧಾಕರ್ ಜೀಪು ಕಳಿಸಿದ್ದರು. ಗುಡ್ಡಕ್ಕೆ ಹೋದೆ. ಬಿದ್ದ ಕಲ್ಲನ್ನೆಲ್ಲ ತೆಗೆಸಿದ್ದಾರೆ, ಪಡುವಣದಲ್ಲಿ ಈಗ ಹೊಸ ಗೋಡೆ ಕಾಣುತ್ತದೆ. ಅದರ ಬಿರುಕುಗಳನ್ನು ಅಳೆಯಬೇಕು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಕಾಲು ಕೆಳಕ್ಕೆ ಹೋಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ.

ಮೇಲಿನಿಂದಲೇ ದುರ್ಬೀನಿನಲ್ಲಿ ನೋಡಿದೆ. ನಯವಾದ ಗೋಡೆ. ಎಡಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಇದ್ದಂತಿತ್ತು, ನೆರಳಿರಬೇಕು. ಬೀಳುವುದು ಬಿದ್ದಾಯಿತು, ಅದರ ಹಿಂದಿನದು ಸಾಮಾನ್ಯವಾಗಿ ಗಟ್ಟಿಯೇ ಇರುತ್ತದೆ. ಹೊಸ ನೋಟುಬುಕ್ಕು ತೆಗೆದುಕೊಂಡಿದ್ದೇನೆ, ಅಂಕಣ ಹಾಕಲು ಹೊತ್ತಿರಲಿಲ್ಲ, ಹಾಗೇ ಬರೆದುಕೊಂಡೆ.

ಶೆಡ್ಡಿನಲ್ಲಿ ಈಗ ಬೇರೆ ಹೆಂಗಸು ಅಡುಗೆ ಮಾಡುತ್ತಾಳೆ. ಊಟ ಮಾಡಿದೆ. ಬಹಳ ದಿನದ ಮೇಲೆ ಹಸಿವಾಗಿತ್ತು.

೨೪ ಮಾರ್ಚ್, ಗುರುವಾರ

ವರದಿ ಬರೆಯುತ್ತಿದ್ದೇನೆ. ಬರೆಯತೊಡಗಿದರೆ ಮನಸ್ಸು ಒಂದು ಹದಕ್ಕೆ ಬರುತ್ತದೆ. ಇಷ್ಟು ದಿನ ಸುಮ್ಮನೆ ಕೂತಿದ್ದೇ ತಪ್ಪು.

ಅಪಘಾತದ ಭಾಗವನ್ನು ಮೂರು ಸಲ ತಿದ್ದಿದೆ. ಮೊದಲ ಸಲ: ‘ಮೇಸ್ತ್ರಿ ಪುಟ್ಟಮಾದು ಹೇಳಿದ ಮಾತನ್ನು ಸರಿಯಾಗಿ ಗ್ರಹಿಸಲಾಗಲಿಲ್ಲ.’ ಇದರಿಂದ ಓದುವವರಿಗೆ ಗೊಂದಲವಾಗುತ್ತದೆ ಎಂದು ಸುಧಾಕರ್ ಅವರು ಹೇಳಿದರು. ಅದೂ ಸರಿಯೇ. ಎರಡನೆಯ ಸಲ: ‘ಮೇಸ್ತ್ರಿಯು ಗೋಡೆಯನ್ನು ಪರೀಕ್ಷಿಸಿರುವುದಾಗಿ ತಿಳಿಸಿದ್ದನು.’ ಕೊನೆಗೆ ಉಳಿಸಿಕೊಂಡದ್ದು: ‘ಮೃತ ಕಾರ್ಮಿಕನು ಸಾಂಪ್ರದಾಯಿಕ ವಿಧಾನದಿಂದ ಪರೀಕ್ಷಿಸಿ ಗೋಡೆಯು ಸದೃಢವಾಗಿರುವುದಾಗಿ ವರದಿ ಮಾಡಿದ್ದನು. ಈ ವಿಧಾನವು ವಿಶ್ವಾಸಾರ್ಹವಲ್ಲ. ಪ್ರಸ್ತುತ ಪಡುವಣ ಗೋಡೆಯು ಸ್ಥಿರವಾಗಿದ್ದು ಗಣಿಗಾರಿಕೆಗೆ ಯೋಗ್ಯವಾಗಿರುತ್ತದೆ.’

ಭಾಷೆ ಬಿಗಿಯಾಗಿ ಬಂದಿದೆ.

೩೧ ಮಾರ್ಚ್, ಗುರುವಾರ

ಧಾರವಾಡಕ್ಕೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಇನ್ನೂ ಮೂರು ಜಾಗ ಖಾತ್ರಿಯಾಗುವಂತಿದೆ ಎಂದೆ.

‘ಈಗ ನೋಡ್ರಿ ನಿಮ್ಮ ದನಿ ಮೊದಲಿನಂಗ ಆತು,’ ಎಂದಳು. ‘ಆವತ್ತ ಏನಾಗಿತ್ತು, ಫೋನ್ ಹಚ್ಚಿ ಸುಮ್ಮನ ಇಟ್ರಿ?’

ಕೆಲಸದ ಜಾಗದಲ್ಲಿ ಒಂದು ಅಪಘಾತ ಆಗಿತ್ತು, ಒಬ್ಬ ಹೋಗಿಬಿಟ್ಟ ಎಂದೆ. ಅಯ್ಯೋ ಪಾಪ ಎಂದಳು. ಹೌದು, ಪಾಪ ಎಂದೆ.

೪ ಏಪ್ರಿಲ್, ಸೋಮವಾರ

ವರದಿ ಒಪ್ಪಿಗೆಯಾಯಿತು. ಮೇಲಿನವರಿಗೆ ಬಹಳ ಹಿಡಿಸಿದೆಯೆಂದು ಸುಧಾಕರ್ ಅವರು ಕೈ ಕುಲುಕಿದರು.

ಕಂಪನಿ ಕಚೇರಿಯ ಮೆಟ್ಟಿಲ ಮೇಲೆ ಚಿಕ್ಕನಿಂಗಮ್ಮ ಕೂತಿದ್ದಳು. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದಿದ್ದಳಂತೆ. ನನ್ನನ್ನು ನೋಡಿ ಎದ್ದಳು.

‘ಆವತ್ತು ಆಮ್ಯಾಕ್ ಮಾತಾಡನ ಅಂದಿದ್ರಿ ಸಾ. ಊರಲ್ಲಿ ಎಲ್ರೂ ಇವ್ರ ಕಿವಿ ಓಗಿತ್ತು ಅಂತಾರೆ. ಬೆಳಿಗ್ಗೆ ನಾನು ಕೊಟ್ಗೇಲಿ ನಿಂತ್ಕಂಡು ಮೆಲ್ಲುಕ್ ಕರುದ್ರೂ ಕೇಳುಸ್ಕತಿದ್ರು. ನಂಗೆ ನಂಬಕ್ಕಾಯ್ತಿಲ್ಲ. ನೀವ್ ಏಳುದ್ರೆ ನಂಬ್ತೀನಿ. ಇವ್ರು ಏನಂದ್ರು?’

‘ಗಟ್ಟಿ ಇದೆ ಅಂದರಮ್ಮ.’

‘ಅಂಗಾರೆ ಜನ ಅನ್ನದು ದಿಟ’ ಎಂದು ಸೆರಗು ಸರಿ ಮಾಡಿಕೊಂಡು ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ಹೋದಳು.

ಪಾಪ, ಅವಳಿಗೂ ಒಂದು ಉತ್ತರ ಬೇಕಾಗಿತ್ತು. ಎಷ್ಟು ದಿನ ಅಂತ ಹಾಗೆ ತೊಳಲಾಡುವುದು? ನಾನಾದರೂ ಅಂದು ಹದಿನಾಲ್ಕು ಅಡಿ ಮೇಲಿದ್ದೆ, ಗಾಳಿಯೂ ಇತ್ತು. ಯೋಚಿಸುತ್ತ ಹೋದರೆ ಅವನು ಪಡುವಣ ಗೋಡೆಗೂ ಟಣ್ ಅಂತದೆ ಎಂದದ್ದೇ ನೆನಪಿಗೆ ಬರುತ್ತದೆ.

೭ ಏಪ್ರಿಲ್, ಗುರುವಾರ

ಯುಗಾದಿಗೆ ಊರಿಗೆ ಹೊರಟಿದ್ದೇನೆ. ಸಾಮಾನು ಕಟ್ಟಿದ್ದಾಯಿತು.

ಮಧ್ಯಾಹ್ನ ಚಿಕ್ಕಮಾದು ಲಾಡ್ಜಿಗೆ ಬಂದಿದ್ದ. ಅಣ್ಣನ ಜಾಗಕ್ಕೆ ಅವನನ್ನೇ ಮೇಸ್ತ್ರಿ ಮಾಡಿದ್ದಾರೆ. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲ ಹೊರಗೆ ನಿಂತುಕೊಂಡೇ ಮಾತಾಡಿದ. ಬೆರಳುಗಳಿಗೆ ಹೊಸ ಉಗುರು ಬರುತ್ತಿದೆ.

‘ನಿನ್ನೆ ಗುಂಡಿಗಿಳುದು ಪಡುವಲ ಗೋಡೆ ತಟ್ಟಿ ನೋಡ್ದೆ ಸಾ. ಎಡಮೂಲೇಲಿ ನಂಗ್ಯಾಕೋ ಬದ್ ಅಂದಂಗಾಯ್ತು. ಮೂರ್ ಸಲ ತಟ್ದೆ, ಮೂರ್ ಸಲನೂ ಅಂಗೇ. ಮೊದ್ಲಾಗಿದ್ರೆ ಅಣ್ಣನ ಕರುದು ಕೇಳುಸ್ತಿದ್ದೆ. ಅಣ್ಣುನ್ ಕಿವಿಗೇ ಸುಳ್ ಕೇಳುಸ್ತು ಅಂದ್ಮ್ಯಾಕೆ ನನ್ ಕಿವಿ ಯಾತುಕ್ ಬಂತು? ನೀವ್ ಓದ್ದೋರು. ಒಂದ್ ಮಾತ್ ಏಳ್ಬುಡಿ, ಅನುಮಾನ ಬುಟ್ಬುಡ್ತೀನಿ.’

ಬಸ್ಸಿಗೆ ಹೊತ್ತಾಗುತ್ತಿತ್ತು. ಸಾಹೇಬರೆಲ್ಲ ನೋಡಿ ಒಪ್ಪಿದ ವರದಿಯಲ್ಲಿ ಬರೆದಿದ್ದೇನೆ, ಗೋಡೆ ಗಟ್ಟಿ ಇದೆ, ಸುಮ್ಮನೆ ತಟ್ಟಿ ತಟ್ಟಿ ಆಳುಗಳಿಗೆ ಹೆದರಿಕೆ ಹುಟ್ಟಿಸಬೇಡ ಎಂದೆ.

ಅವನ ಮುಖ ನೋಡನೋಡುತ್ತಲೇ ಸಡಿಲವಾಯಿತು. ಹಬ್ಬ ಕಳೆದ ಸೋಮವಾರ ಏಳು ಜನ ಇಳಿಯುತ್ತಾರಂತೆ, ಎಡಮೂಲೆಯಿಂದಲೇ ಶುರು. ಬೇಡ ಬೇಡವೆಂದರೂ ನನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ಬಸ್ಸಿನವರೆಗೂ ತಂದು, ಕಿಟಕಿ ಪಕ್ಕ ಜಾಗ ಹಿಡಿದು ಕೊಟ್ಟ. ಒಳ್ಳೆಯ ಮನುಷ್ಯ. ಹೇಳಿದ್ದನ್ನು ಕೇಳುತ್ತಾನೆ.